ಹೊಗೆ ಪೈಪಿನ ಸಂಧಾನ

ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಓಂಕಾರಮೂರ್ತಿಯ ಕಾಫಿಪುಡಿ ಅಂಗಡಿ ಎಲ್ಲಿ ಎಂದು ಕೇಳಿದರೆ ಊರಿನವರು ಕೈ ಎತ್ತಿ ತೋರಿಸುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. "ಮೂಗಿಲ್ವಾ ಮಾರಾಯ್ರೇ ನಿಮಗೆ?" ಎಂದು ಕೇಳಿ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಅಂಗಡಿಗೆ ಬೋರ್ಡು ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹುರಿಯುವ ಡ್ರಮ್ಮು ತಿರುಗಲು ಶುರುವಾದರೆ ಆ ಪರಿಮಳ ಪೋಸ್ಟಾಫೀಸನ್ನು ದಾಟಿ, ಹೈಸ್ಕೂಲಿನ ಪ್ರಾರ್ಥನೆಯ ಸಾಲಿನೊಳಗೆ ನುಗ್ಗಿ, ಮೇಷ್ಟ್ರುಗಳಿಗೆಲ್ಲ ಎರಡನೇ ಕಾಫಿಯ ನೆನಪು ತರುತ್ತಿತ್ತು.

ಮೂರ್ತಿಗೆ ಐವತ್ತೆರಡು ವರ್ಷ. ಕುಳ್ಳು ದೇಹ, ಹಣೆಯ ಮೇಲೆ ವಿಭೂತಿ, ವಿಭೂತಿಯ ಮೇಲೆ ತೆಳ್ಳಗೆ ಕಾಫಿಪುಡಿಯ ಲೇಪ. ಬೀಜ ಹದಕ್ಕೆ ಬಂತೋ ಇಲ್ಲವೋ ಎಂದು ಅವನು ಕಣ್ಣಲ್ಲಿ ನೋಡುತ್ತಿರಲಿಲ್ಲ, ಕಿವಿಯಲ್ಲಿ ಕೇಳುತ್ತಿದ್ದ. ಚಟಪಟ ಸದ್ದು ಏರಿ, ಇಳಿದು, ಇನ್ನೊಮ್ಮೆ ಸಣ್ಣಗೆ ಶುರುವಾಗುವ ಆ ಒಂದು ಗಳಿಗೆಗೆ ಸರಿಯಾಗಿ ಡ್ರಮ್ಮಿನ ಬಾಯಿ ತೆಗೆಯುತ್ತಿದ್ದ. ಆ ಗಳಿಗೆಯಲ್ಲಿ ಮಂತ್ರಿಗಳೇ ಬಂದು ಎದುರು ನಿಂತರೂ ಅವನ ಪಾಲಿಗೆ ಅವರು ಅಡ್ಡ ನಿಂತ ಮನುಷ್ಯ ಅಷ್ಟೇ. ಯಾರ ಮನೆಗೆ ಎಷ್ಟು ಚಿಕೋರಿ, ಯಾರ ಮಾವನಿಗೆ ಚಿಕೋರಿ ಆಗುವುದಿಲ್ಲ, ಯಾರ ಸೊಸೆ ಮಾವನಿಗೆ ಗೊತ್ತಿಲ್ಲದಂತೆ ಹಾಕಿಸುತ್ತಾಳೆ ಎಂಬುದೆಲ್ಲ ಅವನ ತಲೆಯೊಳಗೆ ಭದ್ರವಾಗಿತ್ತು. ಆ ರಹಸ್ಯಗಳನ್ನು ಹೊರಗೆ ಬಿಟ್ಟಿದ್ದರೆ ಆಲ್ದೂರಿನ ಅರ್ಧ ಮನೆಗಳು ಬೇರೆ ಬೇರೆಯಾಗುತ್ತಿದ್ದವು.

ಇಪ್ಪತ್ತೆರಡು ವರ್ಷದಿಂದ ಈ ಸಾಮ್ರಾಜ್ಯ ನಡೆಯುತ್ತಿದ್ದದ್ದು ರಂಗನಾಥ ಗೌಡರ ಕಟ್ಟಡದ ಕೆಳಗಿನ ಮಳಿಗೆಯಲ್ಲಿ. ಗೌಡರು ಮೂಡಿಗೆರೆ ರಸ್ತೆಯಲ್ಲಿ ಎಸ್ಟೇಟು ಇದ್ದವರು, ಅರವತ್ತರ ಹತ್ತಿರದ ಸಾಧು ಮನುಷ್ಯ. ಡ್ರಮ್ಮು ಅಲುಗಾಡಬಾರದೆಂದು ಮೂರ್ತಿ ಅದರ ನಾಲ್ಕು ಕಾಲುಗಳನ್ನೂ ನೆಲದ ಕಾಂಕ್ರೀಟಿನಲ್ಲಿ ಹೂಳಿಸಿದ್ದ. ಅದನ್ನು ಕಿತ್ತರೆ ಮತ್ತೆ ಡ್ರಮ್ಮಾಗುವುದಿಲ್ಲ, ಗುಜರಿಯಾಗುತ್ತದೆ. ಮೂರ್ತಿಯ ಸ್ಥಿತಿಯೂ ಹೆಚ್ಚು ಕಡಿಮೆ ಹಾಗೆಯೇ. ಬೇರೆ ಕೆಲಸ ಬರುವುದಿಲ್ಲ, ಬೇರೆ ಜಾಗ ಸಿಕ್ಕುವುದಿಲ್ಲ, ಬೇರೆ ಡ್ರಮ್ಮು ತರುವ ವಯಸ್ಸೂ ಅಲ್ಲ. ಹೀಗಾಗಿ ಮಳಿಗೆ ಹೋದರೆ ಮೂರ್ತಿ ಹೋದಂತೆ.

ಯುದ್ಧ ಶುರುವಾದದ್ದು ಎರಡು ಸಾವಿರದ ಏಳರಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ.

ಕಟ್ಟಡದ ಮಹಡಿಯನ್ನು ಒಂದು ಬ್ಯಾಂಕಿಗೆ ಬಾಡಿಗೆ ಕೊಡುವ ಆಸೆ ಗೌಡರಿಗಿತ್ತು. ನೋಡಲು ಬಂದ ಬ್ಯಾಂಕಿನ ಆಫೀಸರು ಕಿಟಕಿ ತೆಗೆದರು. ಅದೇ ಹೊತ್ತಿಗೆ ಕೆಳಗೆ ಮೂರ್ತಿಯ ಡ್ರಮ್ಮಿನ ಹೊಗೆ ಪೈಪು ಒಂದು ದಪ್ಪ ಉಸಿರು ಬಿಟ್ಟಿತು. ಆಫೀಸರು ಕೆಮ್ಮಿದರು. ಕೆಮ್ಮುತ್ತಲೇ ಮೆಟ್ಟಿಲಿಳಿದು, ಕೆಮ್ಮುತ್ತಲೇ ಕಾರು ಹತ್ತಿದರು. ಪೈಪನ್ನು ಹತ್ತಡಿ ಎತ್ತರಿಸಿದ್ದರೆ ಮುಗಿಯುತ್ತಿದ್ದ ವಿಷಯ. ಹಾಗೆಂದು ಮೂರ್ತಿಗೆ ನೇರವಾಗಿ ಹೇಳಲು ಗೌಡರಿಗೆ ಸಂಕೋಚ. ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ವಕೀಲ ಷಡಕ್ಷರಿಗಳ ಹತ್ತಿರ ಪಾಯಸ ಹೀರುತ್ತಾ ಅಂದರು:

"ಆ ಮೂರ್ತಿದೊಂದು ಹೊಗೆ ನೋಡಿ ಲಾಯರ್ರೇ. ಹೇಳಕ್ಕೂ ಆಗಲ್ಲ, ಬಿಡಕ್ಕೂ ಆಗಲ್ಲ."

"ಹೇಳೋದಕ್ಕೆ ನಾವಿದೀವಲ್ಲ ಗೌಡ್ರೇ," ಅಂದರು ಷಡಕ್ಷರಿಗಳು. "ಒಂದು ನೋಟೀಸು. ಬರೀ ಹೆದರಿಕೆಗೆ."

ಹೆದರಿಕೆಯ ನೋಟೀಸು ಹದಿನೈದು ದಿನದಲ್ಲಿ ಮಳಿಗೆ ಖಾಲಿ ಮಾಡಿ ಎಂದಿತು. ಅದರಲ್ಲಿ ಮೂರ್ತಿ 'ಸಾರ್ವಜನಿಕ ಆರೋಗ್ಯಕ್ಕೆ ಕಂಟಕಪ್ರಾಯನಾದ ಬಾಡಿಗೆದಾರ'ನಾಗಿದ್ದ. ಗೌಡರು 'ತೀವ್ರ ಮನನೊಂದ ಮಾಲೀಕ'ರಾಗಿದ್ದರು. ನೋಟೀಸನ್ನು ಪೂರ್ತಿ ಓದಿದ ಮೇಲೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸ್ವಲ್ಪ ಸಿಟ್ಟು ಬಂತು. ಅದಕ್ಕೆ ಮೊದಲು ಇರಲಿಲ್ಲ. ನೋಟೀಸಿನ ಹಿಂದೆ ಕೇಸು ಬಂತು. ಕೇಸಿನ ಹಿಂದೆ, ಮರುವರ್ಷ, ಚಿಕ್ಕಮಗಳೂರಿನ ಕೋರ್ಟಿನ ನ್ಯಾಯಾಧೀಶರು, "ಇಷ್ಟು ಸಣ್ಣ ವಿಷಯ, ಕೂತು ಮಾತಾಡಿ ಬಗೆಹರಿಸಿಕೊಳ್ಳಿ" ಎಂದು ಎರಡೂ ಕಡೆಯವರನ್ನು ಸಂಧಾನಕ್ಕೆ ಕಳಿಸಿದರು.

ಕೂತು ಮಾತಾಡುವುದಾದರೆ ಮುಗಿದೇ ಹೋಯಿತು ಎಂದುಕೊಂಡ ಮೂರ್ತಿ. ಷಡಕ್ಷರಿಗಳ ಪರಾಕ್ರಮ ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಷಡಕ್ಷರಿಗಳು ಗೌಡರ ಮೇಲೆ ಮೂರು ಆಜ್ಞೆ ಹೊರಡಿಸಿದ್ದರು. ಒಂದು, ಮೂರ್ತಿಯಿಂದ ಬಾಡಿಗೆ ತಗೋಬಾರದು. ಎರಡು, ಅವನ ಜೊತೆ ಕೇಸಿನ ಮಾತಾಡಬಾರದು. ಮೂರು, ಅವನ ಅಂಗಡಿಯ ಪುಡಿ ಮನೆಗೆ ತರಬಾರದು. 'ಕಂಟಕಪ್ರಾಯ' ಎಂದು ಬರೆದವರ ಮನೆಯಲ್ಲಿ ಅದೇ ಕಂಟಕದ ಕಾಫಿ ಕಾಯುತ್ತಿದ್ದರೆ ಕೇಸಿಗೆ ಪೆಟ್ಟು. ಅಂದಿನಿಂದ ಸ್ವಂತ ಎಸ್ಟೇಟಿನ ಅರೇಬಿಕಾ ಬೀಜ ಮನೆಯಲ್ಲೇ ಇದ್ದೂ ಗೌಡರ ಮನೆಯವರು ಪೇಟೆಯ ಪ್ಯಾಕೆಟ್ ಪುಡಿಯ ಕಾಫಿ ಕುಡಿಯುತ್ತಿದ್ದರು. ಗೌಡರು ಬೆಳಿಗ್ಗೆ ಲೋಟ ಹಿಡಿದು ಅಂಗಳದಲ್ಲಿ ನಿಂತರೆ ಔಷಧಿ ಕುಡಿಯುವವರ ಹಾಗೆ ಕಾಣುತ್ತಿದ್ದರಂತೆ.

ಮೊದಲ ಸಂಧಾನದ ದಿನ ಮೂರ್ತಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಎರಡು ಬಸ್ಸು ಫುಟ್‌ಬೋರ್ಡಿನವರೆಗೂ ತುಂಬಿಕೊಂಡು ಹೋದವು. ಆಗ ಗೌಡರ ಜೀಪು ಬಂದು ಎದುರಿಗೇ ನಿಂತಿತು.

"ಎಲ್ಲಿಗೆ ಮೂರ್ತಿಗಳೇ?"

"ಇನ್ನೆಲ್ಲಿಗೆ ಗೌಡ್ರೇ? ನಿಮ್ಮ ಮೇಲೆ ಮಾತಾಡಕ್ಕೆ."

"ನಾನೂ ಅಲ್ಲಿಗೇ ಮಾರಾಯ್ರೇ. ಹತ್ತಿ."

ಹೀಗೆ ವಾದಿ ಪ್ರತಿವಾದಿಗಳು ಒಂದೇ ರಥದಲ್ಲಿ ರಣರಂಗಕ್ಕೆ ಹೊರಟರು. ಕೇಸಿನ ಮಾತು ಮಾತ್ರ ಆಡುವಂತಿರಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಈ ಸಲ ಸರಿಯಾಗಿ ಬಿದ್ದದ್ದು, ಕಾಂಡಕೊರಕ ಯಾರ ತೋಟಕ್ಕೆ ಎಷ್ಟು ಹೊಡೆದಿದೆ, ಕೊಟ್ಟಿಗೆಹಾರದ ಹತ್ತಿರ ಲಾರಿ ಮಗುಚಿದ್ದು, ಎಲ್ಲ ಆಯಿತು. ಅಷ್ಟಾದ ಮೇಲೆ ಮೂರ್ತಿ, "ಆ ಪೈಪು..." ಎಂದ. ಗೌಡರು ಸ್ಟೇರಿಂಗಿನಿಂದ ಒಂದು ಕೈ ತೆಗೆದು ಬಾಯಿಗೆ ಅಡ್ಡ ಹಿಡಿದರು.

"ಬೇಡ ಮಾರಾಯ್ರೇ. ಲಾಯರ್ರು ಬೈತಾರೆ."

ಸಂಧಾನದ ಕೋಣೆಯಲ್ಲಿ ದುಂಡು ಮೇಜು. ಯಾರೂ ದೊಡ್ಡವರಲ್ಲ, ಯಾರೂ ಸಣ್ಣವರಲ್ಲ ಎಂದು ತೋರಿಸಲು ಹಾಗೆ ಹಾಕಿರುತ್ತಾರೆ. ಸಂಧಾನಕಾರರಾಗಿ ಕೂತವರು ಕೆಂಪಯ್ಯ ಎಂಬ ಹಿರಿಯ ವಕೀಲರು. ಕೆಲವೇ ದಿನಗಳ ಹಿಂದೆ ಸಂಧಾನದ ತರಬೇತಿ ಮುಗಿಸಿ ಬಂದಿದ್ದರು. ಬಾಯಿಬಿಟ್ಟು ಮಾತಾಡಿದರೆ ಲೋಕದ ಯಾವ ಜಗಳವೂ ಕರಗುತ್ತದೆ ಎಂದು ಮನಸಾರೆ ನಂಬಿದ್ದರು. ಮೂರ್ತಿ ಒಳಗೆ ಬಂದದ್ದೇ ಅವರು ಮೂಗು ಅರಳಿಸಿ, "ಎಲ್ಲೋ ಕಾಫಿ ಕಾಯಿಸ್ತಿದಾರೆ" ಅಂದರು. ಮೂರ್ತಿಯ ಅಂಗಿಯನ್ನು ಎಷ್ಟು ಸಲ ಒಗೆದರೂ ಅದು ಹೋಗುತ್ತಿರಲಿಲ್ಲ.

ಷಡಕ್ಷರಿಗಳು ಬಾಗಿಲಲ್ಲೇ ನಿಂತರು. "ವಿದೌಟ್ ಪ್ರಿಜುಡೀಸ್," ಅಂದರು. ಇಲ್ಲಿ ಏನು ಆಡಿದರೂ ಮಾಡಿದರೂ ಅದು ತಮ್ಮ ಕೇಸಿಗೆ ಬಾಧಕವಲ್ಲ ಎಂದು ಅರ್ಥ. ಅದು ಅವರ ಶಂಖನಾದ. "ದುಂಡು ಮೇಜಿನಲ್ಲಿ ನಮ್ಮ ಕಕ್ಷಿದಾರರು ಕಂಟಕದಾರರ ಪಕ್ಕ ಕೂರೋ ಹಾಗೆ ಆಗ್ತದೆ. ಇದಕ್ಕೆ ನಮ್ಮ ಆಕ್ಷೇಪಣೆ ದಾಖಲಾಗಲಿ."

"ಇಬ್ರೂ ಒಂದೇ ಜೀಪಲ್ಲಿ ಬಂದ್ರಲ್ಲ ಷಡಕ್ಷರಿ, ಈಗ ನಾನೇ ಕಿಟಕಿಯಿಂದ ನೋಡಿದೆ," ಅಂದರು ಕೆಂಪಯ್ಯ.

"ಅದು ಮಾನವೀಯತೆ. ಇದು ಕಾನೂನು."

ಯಾರು ಯಾವ ಕುರ್ಚಿಯಲ್ಲಿ ಕೂರಬೇಕೆಂದು ತೀರ್ಮಾನವಾಗುವ ಹೊತ್ತಿಗೆ ಒಂದು ಗಂಟೆಯಾಯಿತು. ಮುಂದಿನ ದಿನಾಂಕ ಷಡಕ್ಷರಿಗಳೇ ಸೂಚಿಸಿದರು. ಅದು ಆಲ್ದೂರಿನ ಸಂತೆಯ ದಿನ. ಸುತ್ತಲಿನ ಎಸ್ಟೇಟುಗಳ ಆಳುಗಳೆಲ್ಲ ಪುಡಿ ಕೊಳ್ಳಲು ಬರುವ ದಿನ. ಮೂರ್ತಿ ಹಾಗೆಂದು ಹೇಳಿದ. ಷಡಕ್ಷರಿಗಳು ಡೈರಿಯ ಹಾಳೆಗಳನ್ನು ಬಹಳ ಹೊತ್ತು ಮಗುಚಿ, ಉಳಿದ ಯಾವ ದಿನವೂ ತಮಗೆ ಪುರುಸೊತ್ತಿಲ್ಲವೆಂದು ಕನಿಕರದಿಂದ ತಿಳಿಸಿದರು. ಮುಂದಿನ ಎಲ್ಲ ದಿನಾಂಕಗಳೂ ಸಂತೆಯ ದಿನವೇ ಬಿದ್ದವು.

ಮೂರ್ತಿಗೂ ಒಬ್ಬ ವಕೀಲರಿದ್ದರು, ರೇವಣ್ಣ ಎಂದು. ಅವರಿಗೆ ಯಾವಾಗಲೂ ಪಕ್ಕದ ಕೋರ್ಟಿನಲ್ಲಿ ಇನ್ನೊಂದು ಕೇಸು. ಬಾಗಿಲಲ್ಲಿ ತಲೆ ತೂರಿಸಿ, "ನಡೆಸ್ತಾ ಇರಿ, ನಡೆಸ್ತಾ ಇರಿ" ಎಂದು ಮಾಯವಾಗುತ್ತಿದ್ದರು.

ಎರಡನೇ ಸಲ ಕೆಂಪಯ್ಯನವರು ಜಾಣತನ ಮಾಡಿದರು. ವಕೀಲರನ್ನು ಬಿಟ್ಟು ನೇರ ಗೌಡರ ಮುಖ ನೋಡಿ, "ನಿಮಗೆ ಏನು ಬೇಕು, ನಿಮ್ಮ ಬಾಯಲ್ಲೇ ಹೇಳಿ ಗೌಡ್ರೇ" ಎಂದು ಕೇಳಿದರು.

ಗೌಡರು, "ಎಂಥದ್ದೂ ಇಲ್ಲ ಸ್ವಾಮಿ, ಆ ಹೊಗೆ ಒಂದು..." ಎಂದು ಶುರು ಮಾಡಿದರು. ಷಡಕ್ಷರಿಗಳ ಅಂಗೈ ಗೌಡರ ಮೊಣಕಾಲಿನ ಮೇಲೆ ಬಂದು ಕೂತಿತು. ಗೌಡರ ಬಾಯಿ ಮುಚ್ಚಿತು.

"ನಮ್ಮ ಕಕ್ಷಿದಾರರು ಹೇಳೋದೇನಂದ್ರೆ, ಹೊಗೆ ಒಂದು ನೆಪ ಮಾತ್ರ. ಇಪ್ಪತ್ತೆರಡು ವರ್ಷದಿಂದ ಅವರು ಮೌನವಾಗಿ ಅನುಭವಿಸಿದ ಯಾತನೆ..."

ಗೌಡರು ತಮ್ಮ ಯಾತನೆಯನ್ನು ಬೇರೆಯವರ ಕತೆ ಕೇಳುವಷ್ಟೇ ಕುತೂಹಲದಿಂದ ಕೇಳಿದರು. ಅವರಿಗೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಗೊತ್ತಾಯಿತು. ಎದೆಯಲ್ಲಿ ಉರಿ ಎಂದು ಗೊತ್ತಾಯಿತು. ಯಾತ್ರೆಗೂ ಹೋಗಲಾಗದಷ್ಟು ನೊಂದಿದ್ದಾರೆ ಎಂದಾಗ ಮಾತ್ರ, "ಹೋದ ತಿಂಗಳು ಹೋಗಿ ಬಂದ್ವಲ್ಲ?" ಎಂದು ಮೆಲ್ಲಗೆ ಅಂದರು. ಅಂಗೈ ಇನ್ನೊಮ್ಮೆ ಒತ್ತಿತು.

ಮೂರನೇ ಸಲ ಷಡಕ್ಷರಿಗಳು ಬರಲೇ ಇಲ್ಲ. ಸೊಂಟ ಹಿಡಿದಿದೆ ಎಂದು ಗುಮಾಸ್ತನ ಕೈಲಿ ಚೀಟಿ ಬಂತು. ವಕೀಲರಿಲ್ಲದೆ ತುಟಿ ಬಿಚ್ಚಬಾರದೆಂದು ಗೌಡರಿಗೆ ಅಪ್ಪಣೆಯಾಗಿತ್ತು. ಇಬ್ಬರೂ ಹೋಟೆಲಿಗೆ ಹೋಗಿ ಎದುರೆದುರು ಕೂತು ಮಸಾಲೆದೋಸೆ ತಿಂದರು. ಕಾಫಿ ಬಂತು. ಮೂರ್ತಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಗೌಡರು ಒಂದೇ ಉಸಿರಿಗೆ ಮುಗಿಸಿ ಇನ್ನೊಂದು ಹೇಳಿದರು.

"ಇದೂ ಒಂದು ಕಾಫಿಯಾ ಗೌಡ್ರೇ? ಬೀಜ ಸುಟ್ಟು ಹೋಗಿದೆ."

"ನಮ್ಮನೇದಕ್ಕಿಂತ ವಾಸಿ ಮಾರಾಯ್ರೇ," ಅಂದರು ಗೌಡರು. ಅವರ ಕಣ್ಣಲ್ಲಿ ನೀರು ಬಂದಿತ್ತೆಂದು ಮೂರ್ತಿ ಇವತ್ತಿಗೂ ಸಾಧಿಸುತ್ತಾನೆ. ದೋಸೆಯ ಖಾರವೂ ಇರಬಹುದು.

ಅದೇ ವಾರ ಷಡಕ್ಷರಿಗಳ ಗುಮಾಸ್ತ ಆಲ್ದೂರಿನ ಅಂಗಡಿಗೇ ಬಂದ. ಅರ್ಧ ಕಿಲೋ ಪೀಬೆರಿ, ಅಂದರೆ ದುಬಾರಿ ಗುಂಡು ಬೀಜದ ಪುಡಿ, ಚಿಕೋರಿ ಇಲ್ಲದ್ದು. "ಸಾಹೇಬ್ರಿಗೆ ಬೇರೆ ಪುಡಿ ಆಗಲ್ಲ," ಅಂದ. ಗಲ್ಲಾದ ಹಿಂದೆ ಕೂತಿದ್ದ ಮುದ್ದಮ್ಮ, ಮೂರ್ತಿಯ ಹೆಂಡತಿ, ಕಣ್ಣಲ್ಲೇ ಸನ್ನೆ ಮಾಡಿದಳು: ಸುಟ್ಟು ಕರಿ ಮಾಡಿ ಕೊಡಿ. ಮೂರ್ತಿ ಡ್ರಮ್ಮಿನಿಂದ ಕೈ ಹಿಂದಕ್ಕೆ ತೆಗೆದ. ಆದರೆ ಚಟಪಟ ಇಳಿದು ಆ ಸಣ್ಣ ಸದ್ದು ಶುರುವಾದದ್ದೇ ಅವನ ಕೈ ತಾನಾಗಿ ಹೋಗಿ ಡ್ರಮ್ಮಿನ ಬಾಯಿ ತೆಗೆಯಿತು.

"ನಿಮಗೆ ಮಾನ ಇಲ್ವಾ?" ಎಂದಳು ಮುದ್ದಮ್ಮ, ಗುಮಾಸ್ತ ಹೋದ ಮೇಲೆ.

"ಬೀಜ ಏನು ಮಾಡಿತ್ತೇ?" ಎಂದ ಮೂರ್ತಿ.

ನಾಲ್ಕನೇ ಸಲ ಕೆಂಪಯ್ಯನವರು ಎರಡೂ ಕಡೆಯವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ತಾವೇ ನಡುವೆ ಓಡಾಡಿದರು. ಷಡಕ್ಷರಿಗಳು ಬೇಡಿಕೆಯ ಪಟ್ಟಿ ಕೊಟ್ಟರು. ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಇಲ್ಲವೇ ಬೆಳಿಗ್ಗೆ ಒಂಬತ್ತರ ಮೇಲೆ ಹುರಿಯಬಾರದು. ಹೊಗೆ ಕಪ್ಪಾಗಿರಬಾರದು. ಎಲ್ಲಕ್ಕಿಂತ ಕೊನೆಗೆ, ಕಾಫಿಯ ವಾಸನೆ ಅಂಗಡಿಯ ಹೊಸಿಲು ದಾಟಿ ಹೊರಗೆ ಹೋಗಕೂಡದು.

ಕೆಂಪಯ್ಯನವರು ಕೊನೆಯದನ್ನು ಓದುವಾಗ ಸ್ವಲ್ಪ ತಡವರಿಸಿದರು. ಅಷ್ಟು ತಿಂಗಳು ಸಹಿಸಿಕೊಂಡಿದ್ದ ಮೂರ್ತಿ ಕುರ್ಚಿಯಿಂದ ಎದ್ದ.

"ವಾಸನೆ ಹೊರಗೆ ಹೋಗ್ಬಾರದಾ ಸ್ವಾಮಿ? ಯಾವ ಪೊಲೀಸ್ನೋರನ್ನ ನಿಲ್ಲಿಸ್ಲಿ ಬಾಗಿಲಿಗೆ? ಅದಕ್ಕೆ ಬೀಗ ಹಾಕ್ಲಾ, ಬೇಲಿ ಹಾಕ್ಲಾ? ಇಪ್ಪತ್ತೆರಡು ವರ್ಷ ಒಂದು ಬೋರ್ಡು ಬರೆಸಿಲ್ಲ ನಾನು, ಯಾಕೆ ಹೇಳಿ? ಆ ವಾಸನೇನೇ ನನ್ನ ಬೋರ್ಡು! ಅವ್ರನ್ನೇ ಕೇಳಿ, ಅರ್ಧ ಕಿಲೋ ಪೀಬೆರಿ ತರಿಸ್ಕೊಂಡ್ರಲ್ಲ, ಅದರ ವಾಸನೆ ಅವ್ರ ಹೊಸಿಲು ದಾಟ್ತೋ ಇಲ್ವೋ!"

ಕೆಂಪಯ್ಯನವರು ತುಟಿ ಕಚ್ಚಿಕೊಂಡು ಆಚೆ ಕೋಣೆಗೆ ಹೋದರು. ಐದು ನಿಮಿಷ ಬಿಟ್ಟು ಬಂದರು.

"ಏನಂತೆ ಸ್ವಾಮಿ?"

"ಪೀಬೆರಿ ಖರೀದಿ ವಿದೌಟ್ ಪ್ರಿಜುಡೀಸ್ ಅಂತೆ," ಅಂದರು ಕೆಂಪಯ್ಯ. ಅವರಿಗೂ ತರಬೇತಿಯ ಮೇಲಿನ ನಂಬಿಕೆ ಆ ದಿನ ಸ್ವಲ್ಪ ಸಡಿಲವಾದಂತೆ ಕಂಡಿತು.

ಐದನೇ ಸಲ ಮಾತ್ರ ಒಂದು ಪವಾಡ ನಡೆಯಿತು. ಷಡಕ್ಷರಿಗಳ ಮೊಬೈಲ್ ಫೋನು ಬಡಿದುಕೊಂಡಿತು. ಆ ಕೋಣೆಯಲ್ಲಿ ಸಿಗ್ನಲ್ ಸರಿಯಾಗಿ ಸಿಕ್ಕುತ್ತಿರಲಿಲ್ಲ. "ಹಲೋ, ಹಲೋ" ಎನ್ನುತ್ತಾ ಅವರು ಜಗುಲಿಗೆ, ಜಗುಲಿಯಿಂದ ಅಂಗಳಕ್ಕೆ, ಅಂಗಳದಿಂದ ಬೇಲಿಯ ಹತ್ತಿರಕ್ಕೆ ಹೋದರು. ಗೌಡರು ಕಿಟಕಿಯಲ್ಲಿ ನೋಡಿದರು. ಮೂರ್ತಿಯೂ ನೋಡಿದ.

"ಹತ್ತಡಿ ಏರಿಸ್ತೀರಾ ಪೈಪು?" ಗೌಡರು ಪಿಸುಗುಟ್ಟಿದರು.

"ಹನ್ನೆರಡು ಏರಿಸ್ತೀನಿ."

"ಮಾಡಿನ ಮೇಲೆ ಹೋಗ್ಬೇಕು."

"ಹೋಗ್ತದೆ."

"ಆಯ್ತಲ್ಲ ಮತ್ತೆ!"

ನಾಲ್ಕು ನಿಮಿಷ. ಒಂದೂವರೆ ವರ್ಷದ ಯುದ್ಧ ನಾಲ್ಕು ನಿಮಿಷದಲ್ಲಿ ಮುಗಿಯಿತು. ಕೆಂಪಯ್ಯನವರು ಆತುರಾತುರವಾಗಿ ಕಾಗದ ಎಳೆದು ಬರೆಯತೊಡಗಿದರು. ಎರಡನೇ ಸಾಲಿನಲ್ಲಿದ್ದಾಗ ಷಡಕ್ಷರಿಗಳು ವಾಪಸು ಬಂದರು. ಬಾಗಿಲಲ್ಲಿ ನಿಂತು ಮೂವರ ಮುಖದ ಮೇಲಿನ ಸಂತೋಷ ನೋಡಿದರು. ಅನಾಹುತ ಏನೆಂದು ತಕ್ಷಣ ಅವರಿಗೆ ತಿಳಿಯಿತು.

"ಹನ್ನೆರಡಡಿ ಪೈಪಿಗೆ ಪಂಚಾಯಿತಿ ಅನುಮತಿ ಎಲ್ಲಿ?" ಎಂದರು. "ಕಟ್ಟಡದ ದಾಖಲೆಯ ನಕಲು ಎಲ್ಲಿ? ಅದಿಲ್ಲದೆ ಒಪ್ಪಂದ ಬರೆದರೆ ಅಕ್ರಮ ನಿರ್ಮಾಣಕ್ಕೆ ನಮ್ಮ ಕಕ್ಷಿದಾರರು ಹೊಣೆಯಾಗ್ತಾರೆ. ಬಾಡಿಗೆದಾರರೇ ದಾಖಲೆ ತರಲಿ. ಅಲ್ಲೀವರೆಗೆ ಒಂದಕ್ಷರಕ್ಕೂ ಸಹಿ ಇಲ್ಲ."

ಪಂಚಾಯಿತಿ ಆಫೀಸಿನಿಂದ ಒಂದು ಕಾಗದ ಹೊರಬರಲು ಆರು ತಿಂಗಳಾದರೂ ಬೇಕು ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿದ್ದು ಒಂದೇ ಕಡೆ: ಪಂಚಾಯಿತಿಯ ಬಿಲ್ ಕಲೆಕ್ಟರು ಬಸವರಾಜಪ್ಪ ಹದಿನೈದು ವರ್ಷದಿಂದ ಮೂರ್ತಿಯ ಗಿರಾಕಿ, ಮುಕ್ಕಾಲು ಪಾಲು ಕಾಫಿ, ಕಾಲು ಪಾಲು ಚಿಕೋರಿ. ಮರುದಿನವೇ ಕಪಾಟಿನಿಂದ ತೆರಿಗೆಯ ದಪ್ಪ ಪುಸ್ತಕ ಇಳಿಸಿ, ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಹಾಳೆ ತಿರುವಿದ.

"ರಂಗನಾಥ ಗೌಡ್ರು... ರಂಗನಾಥ ಗೌಡ್ರು... ಮೂರ್ತಣ್ಣ, ಇದು ಗೌಡ್ರದ್ದಲ್ವಲ್ಲ ಕಟ್ಟಡ."

"ಎಂಥ ಮಾತಾಡ್ತೀಯ? ಊರಿಗೆಲ್ಲ ಗೊತ್ತು ಗೌಡ್ರದ್ದು ಅಂತ."

"ಊರಿಗೆ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ. ನೋಡಿ ಇಲ್ಲಿ. ವಿಮಲಮ್ಮ ಕೋಂ ರಂಗನಾಥ ಗೌಡ. ಗೌಡ್ರ ಹೆಂಡ್ತಿ."

ಇದು ಹೇಗಾಯಿತು ಎಂಬುದು ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಬೇರೆಯವರಿಗೆ ಸ್ವಲ್ಪ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಹೊಸ ಭೂಮಿ ಕಾನೂನು ಬರುತ್ತದೆ, ಒಬ್ಬರ ಹೆಸರಲ್ಲಿ ಹೆಚ್ಚು ಇದ್ದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಎಂದು ಗುಲ್ಲೆದ್ದಿತು. ಎಸ್ಟೇಟಿನವರೆಲ್ಲ ತೋಟ, ಗದ್ದೆ, ಕಟ್ಟಡಗಳನ್ನು ಹೆಂಡತಿ, ಮಕ್ಕಳು, ಅತ್ತೆ, ತೊಟ್ಟಿಲಲ್ಲಿದ್ದ ಕೂಸು ಎಂದು ನೋಡದೆ ಹಂಚಿ ಬರೆಸಿದರು. ಗೌಡರ ಮನೆಯಲ್ಲಿ ಸಾಕುನಾಯಿಯೊಂದನ್ನು ಬಿಟ್ಟು ಎಲ್ಲರ ಹೆಸರಿನಲ್ಲೂ ಏನಾದರೊಂದು ಇತ್ತು. ಆಲ್ದೂರಿನ ಕಟ್ಟಡವನ್ನು ಗೌಡರ ತಂದೆ ಹೊಸ ಸೊಸೆಯ ಹೆಸರಿಗೆ ಮಾಡಿದ್ದರು. ಗುಲ್ಲು ಅಡಗಿತು, ಹಿರಿಯರು ತೀರಿಕೊಂಡರು, ಯಾವುದು ಯಾರ ಹೆಸರಿನಲ್ಲಿದೆ ಎಂಬುದನ್ನು ಎಲ್ಲರೂ ಮರೆತರು. ಬಾಡಿಗೆ ವಸೂಲಿಗೆ ಬರುತ್ತಿದ್ದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ರಸೀದಿಗೆ ಸಹಿ ಗೌಡರದ್ದು. ಕಂಟಕ, ಯಾತನೆ ಎಂದೆಲ್ಲ ಪುಟಗಟ್ಟಲೆ ಬರೆದ ಷಡಕ್ಷರಿಗಳು ಕಟ್ಟಡ ಯಾರದ್ದೆಂದು ನೋಡುವ ಗೋಜಿಗೇ ಹೋಗಿರಲಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಯಾರು ನೋಡುತ್ತಾರೆ?

ಮೂರ್ತಿ ನಕಲು ಹಿಡಿದು ರೇವಣ್ಣನವರ ಹತ್ತಿರ ಓಡಿದ. ಮೊದಲ ಸಲ ರೇವಣ್ಣ ಕುರ್ಚಿಯಲ್ಲಿ ಪೂರ್ತಿ ಕೂತರು.

"ಬಿತ್ತು ಕೇಸು! ಓನರೇ ಅಲ್ಲದವ್ರು ಹಾಕಿದ ಕೇಸು!"

"ಮುಗೀತಾ ಹಾಗಾದ್ರೆ?"

"ಮುಗಿಯೋದೆಂಥದು? ಈಗ ಶುರು. ಇದು ಬಿದ್ರೆ ಅವ್ರು ಹೊಸದಾಗಿ ಹಾಕ್ತಾರೆ. ನಾವು ಅದನ್ನ ಹೊಡೀತೀವಿ. ಅವ್ರು ಮೇಲಕ್ಕೆ ಹೋಗ್ತಾರೆ. ನಾವೂ ಹೋಗ್ತೀವಿ. ಹತ್ತು ವರ್ಷ ನಿಮ್ಮನ್ನ ಯಾರೂ ಅಲ್ಲಾಡಿಸಲ್ಲ ಮೂರ್ತಿಗಳೇ!"

ಹತ್ತು ವರ್ಷದ ಸಂತೆ ದಿನಗಳೆಲ್ಲ ಮೂರ್ತಿಯ ಕಣ್ಣ ಮುಂದೆ ಸಾಲಾಗಿ ನಿಂತವು. ಒಂದೊಂದರಲ್ಲೂ ಒಂದು ದುಂಡು ಮೇಜು. ಒಂದೊಂದು ಮೇಜಿನ ಆಚೆ ಷಡಕ್ಷರಿಗಳು. ಅವನು ಕಾಗದವನ್ನು ರೇವಣ್ಣನವರ ಕೈಯಿಂದ ಕಿತ್ತುಕೊಂಡು ಬಸ್ಸು ಹತ್ತಿದ.

"ಲಾಯರುಗಳ ಸಹವಾಸ ಸಾಕು," ಎಂದಳು ಮುದ್ದಮ್ಮ. "ಕಟ್ಟಡ ಆಯಮ್ಮಂದು ತಾನೆ? ಆಯಮ್ಮನ್ನೇ ಕೇಳೋಣ. ಗೌಡ್ರು ಮಾತಾಡ್ಬಾರ್ದು ಅಂತ ಅಪ್ಪಣೆ. ಆಯಮ್ಮಂಗೆ ಯಾರೂ ಹೇಳಿಲ್ವಲ್ಲ."

ಕಾನೂನಿನ ಇಷ್ಟು ಸೂಕ್ಷ್ಮ ಓದು ಅಷ್ಟು ತಿಂಗಳಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಮರುದಿನ ಗಂಡ ಹೆಂಡತಿ ಇಬ್ಬರೂ ಗೌಡರ ಎಸ್ಟೇಟಿಗೆ ಹೋದರು. ಹಣ್ಣು ಕುಯ್ಯುವ ಕಾಲ. ಗೌಡರು ತೋಟದಲ್ಲಿದ್ದರು. ವಿಮಲಮ್ಮನವರು ಕಣದಲ್ಲಿ ನಿಂತು, ಹರಡಿದ ಬೀಜವನ್ನು ಸರಿಯಾಗಿ ಮಗುಚುತ್ತಿಲ್ಲವೆಂದು ಮೂರು ಜನರಿಗೆ ಒಟ್ಟಿಗೆ ಬೈಯುತ್ತಿದ್ದರು.

ಕಾಗದವನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು.

"ಇದು ನಂದಾ?"

"ನಿಮ್ಮದೇ ಅಮ್ಮ."

"ಮೂವತ್ನಾಲ್ಕು ವರ್ಷದಿಂದ?"

"ಪುಸ್ತಕದಲ್ಲಿ ಹಾಗಿದೆ."

"ಮದುವೆಯಾದ ವಾರದಲ್ಲೇ ಮಾವಯ್ಯ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಸಹಿ ಹಾಕ್ಸಿದ್ರು. ಮದುವೆ ಕಾಗದ ಅಂದ್ಕೊಂಡಿದ್ದೆ ನಾನು!" ಅವರು ಕಣದ ಕಟ್ಟೆಯ ಮೇಲೆ ಕೂತರು. ಆಮೇಲೆ ಧ್ವನಿ ಬದಲಾಯಿತು. "ನನ್ನ ಅಂಗಡಿಯಿಂದ ನಿಮ್ಮನ್ನ ಬಿಡ್ಸಕ್ಕೆ ಕೇಸು ಹಾಕಿರೋದು ಯಾರು?"

ಮೂರ್ತಿ ನೆಲ ನೋಡಿದ. ಮುದ್ದಮ್ಮ ಹೇಳಿದಳು. ಪೈಪಿನಿಂದ ಶುರು ಮಾಡಿ, ನಾಲ್ಕು ನಿಮಿಷದ ಒಪ್ಪಂದದವರೆಗೂ ಒಂದೂ ಬಿಡದೆ ಹೇಳಿದಳು. ಮೂರು ಆಜ್ಞೆಗಳಲ್ಲಿ ಮೂರನೆಯದಕ್ಕೆ ಬಂದಾಗ ವಿಮಲಮ್ಮನವರು ಕೈಯೆತ್ತಿ ನಿಲ್ಲಿಸಿದರು.

"ತಡಿ ತಡಿ. ಆ ಪ್ಯಾಕೆಟ್ ಪುಡಿ ಡಾಕ್ಟ್ರು ಹೇಳಿದ್ದು ಅಂದಿದ್ರು ನಮ್ಮನೆಯವ್ರು. ಬಿ.ಪಿ.ಗೆ ಒಳ್ಳೇದು ಅಂತ."

ಆ ಸಂಜೆ ಗೌಡರ ಮನೆಯಲ್ಲಿ ಏನು ನಡೆಯಿತೆಂದು ಯಾರಿಗೂ ಗೊತ್ತಿಲ್ಲ. ಆರನೇ ಸಂಧಾನದ ದಿನ ಜೀಪು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಮುಂದಿನ ಸೀಟಿನಲ್ಲಿ ವಿಮಲಮ್ಮನವರು ಕೂತಿದ್ದರು. ಗೌಡರು ಗಾಡಿ ಓಡಿಸುತ್ತಿದ್ದರು, ಅಷ್ಟೇ. ಹೂಮಳೆಯ ಮಾತೂ ಆಡಲಿಲ್ಲ.

"ವಿದೌಟ್ ಪ್ರಿಜುಡೀಸ್," ಎಂದರು ಷಡಕ್ಷರಿಗಳು, ಬಾಗಿಲಲ್ಲಿ ಅವರನ್ನು ಕಂಡದ್ದೇ. "ಈ ತಾಯಿಯವರು ಪಾರ್ಟಿ ಅಲ್ಲ. ಒಳಗೆ ಕೂರೋ ಹಾಗಿಲ್ಲ."

ಕೆಂಪಯ್ಯನವರು ಪಂಚಾಯಿತಿಯ ನಕಲನ್ನು ದುಂಡು ಮೇಜಿನ ಮೇಲೆ ನಿಧಾನವಾಗಿ ಅವರ ಕಡೆ ತಳ್ಳಿದರು. "ನೀವೇ ತರಿಸಿದ ದಾಖಲೆ," ಎಂದರು. ಅವರ ಮುಖದಲ್ಲಿ ತರಬೇತಿಯಲ್ಲಿ ಕಲಿಸದ ಒಂದು ನಗು ಇತ್ತು.

ಷಡಕ್ಷರಿಗಳು ಓದಿದರು. ಏಳು ತಿಂಗಳಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನೆಲಕಚ್ಚುತ್ತಿದ್ದರು. ಷಡಕ್ಷರಿಗಳು ಮಹಾರಥಿ. ಕಾಗದವನ್ನು ಮಡಿಸಿ, ಗಂಟಲು ಸರಿ ಮಾಡಿಕೊಂಡು, ಕುರ್ಚಿಯನ್ನು ಗೌಡರ ಪಕ್ಕದಿಂದ ವಿಮಲಮ್ಮನವರ ಪಕ್ಕಕ್ಕೆ ಎಳೆದುಕೊಂಡರು.

"ಹಾಗಾದರೆ ಈ ತಾಯಿಯವರ ಪರವಾಗಿ ನಾನೇ ವಕಾಲತ್ತು ಹಾಕ್ತೇನೆ. ನಮ್ಮ ಕಕ್ಷಿದಾರರು ಹೇಳೋದೇನಂದ್ರೆ..."

"ನಿಮ್ಮ ಕಕ್ಷಿದಾರರು ಏನೂ ಹೇಳಿಲ್ಲ ಇನ್ನೂ," ಎಂದರು ವಿಮಲಮ್ಮ. "ನನ್ನ ಬಾಯಿ ನನ್ನ ಹತ್ರಾನೇ ಇದೆ ಲಾಯರ್ರೇ. ನೀವು ಸ್ವಲ್ಪ ಆಚೆ ಸರೀರಿ, ಗಾಳಿ ಬರ್ಲಿ."

ಅವರು ಹೇಳಿದ್ದು ಇಷ್ಟು. ಮೂರ್ತಿ ಇರಬೇಕು. ಪೈಪು ಹನ್ನೆರಡಡಿ ಏರಬೇಕು, ಖರ್ಚು ಮೂರ್ತಿಯದ್ದೇ. ಬ್ಯಾಂಕು ಬಂದರೂ ಇಷ್ಟೇ, ಬರದಿದ್ದರೂ ಇಷ್ಟೇ. ಕೇಸು ಇವತ್ತೇ ವಾಪಸು. ಮೂರ್ತಿ ಕೈ ಮುಗಿದ. ಗೌಡರೂ ಯಾಕೋ ಕೈ ಮುಗಿದರು.

ಅಷ್ಟನ್ನು ಬರೆಯಲು ಕೆಂಪಯ್ಯನವರಿಗೆ ಅರ್ಧ ಪುಟ ಸಾಕಾಗಿತ್ತು. ಒಪ್ಪಂದದ ಕರಡು ವಕೀಲರ ಹಕ್ಕೆಂದು ಷಡಕ್ಷರಿಗಳು ಪಟ್ಟು ಹಿಡಿದರು. ಅವರ ಕರಡು ಹನ್ನೊಂದು ಪುಟವಾಯಿತು. ಅದರಲ್ಲಿ 'ಪೈಪು ಎಂದರೆ' ಎಂಬ ವಿವರಣೆಗೇ ಒಂದು ಪುಟ. ಮೂರ್ತಿ ಪ್ರತಿ ಪುಟಕ್ಕೂ ಸಹಿ ಹಾಕಿದ. ತಾರೀಖು ತಪ್ಪಾಗಿದೆಯೆಂದು ಇನ್ನೊಂದು ಸಂತೆ ದಿನ ಹೋಗಿ ಎಲ್ಲ ಪುಟಕ್ಕೂ ಮತ್ತೆ ಸಹಿ ಹಾಕಿದ. ಮೂರನೇ ಸಲ ಕರೆಕಳಿಸಿದಾಗ ಮುದ್ದಮ್ಮ ಅಂಗಡಿಯ ಬಾಗಿಲಿಗೆ ಅಡ್ಡ ನಿಂತು, "ಬೇಕಾದ್ರೆ ಅವ್ರೇ ಇಲ್ಲಿಗೆ ಬರ್ಲಿ" ಎಂದು ಗುಮಾಸ್ತನನ್ನು ಬರಿಗೈಯಲ್ಲಿ ಕಳಿಸಿದಳು. ಅದಕ್ಕೆ ಮಾತ್ರ ಯಾವ ಆಕ್ಷೇಪಣೆಯೂ ದಾಖಲಾಗಲಿಲ್ಲ. ಅಲ್ಲಿಗೆ ಯುದ್ಧ ಮುಗಿಯಿತು.

ಮಳಿಗೆ ಉಳಿಯಿತು. ಆದರೆ ಮಳಿಗೆಗೆ ಈಗ ಒಬ್ಬರು ನಿಜವಾದ ಮಾಲೀಕರು ಬಂದಿದ್ದರು.

ರೈಟರನ್ನು ಕಳಿಸುವ ಪದ್ಧತಿ ನಿಂತಿತು. ಪ್ರತಿ ತಿಂಗಳ ಒಂದನೇ ತಾರೀಖು ವಿಮಲಮ್ಮನವರೇ ಜೀಪಿನಲ್ಲಿ ಬಂದು, ಅಂಗಡಿಯ ಒಳಗೆ ಸ್ಟೂಲು ಹಾಕಿಸಿಕೊಂಡು ಕೂರುತ್ತಿದ್ದರು. ಗೋಡೆಗೆ ಮೊಳೆ ಹೊಡೆದದ್ದು ಯಾಕೆ? ಮೂರು ವರ್ಷದ ಹಳೇ ಕ್ಯಾಲೆಂಡರು ಯಾಕೆ? ಮೂಲೆಯಲ್ಲಿ ಜೇಡರ ಬಲೆ ಯಾರದ್ದು? ಮೂವತ್ತನಾಲ್ಕು ವರ್ಷದ ಮಾಲೀಕತ್ವವನ್ನು ಅವರು ಬಡ್ಡಿ ಸಮೇತ ವಸೂಲು ಮಾಡುತ್ತಿದ್ದರು. ಗೌಡರು ಬಾಗಿಲ ಹೊರಗೆ ನಿಂತು, ಮೂರ್ತಿ ಕೊಟ್ಟ ಕಾಫಿಯನ್ನು ಕಣ್ಣು ಮುಚ್ಚಿ ಕುಡಿಯುತ್ತಾ, ಒಂದೇ ಒಂದು ಮಾತಿಗೂ ಸಿಕ್ಕದೆ ಸುಖವಾಗಿರುತ್ತಿದ್ದರು.

ಪೈಪು ಏರಿಸಿದ ದಿನವೂ ವಿಮಲಮ್ಮನವರು ಬಂದರು. ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು.

"ಎಡಕ್ಕೆ ವಾಲಿದೆ."

"ಇಲ್ಲಮ್ಮ, ತೂಗುಗುಂಡು ಹಾಕಿ ನೋಡಿದೀವಿ," ಎಂದು ಮಾಡಿನ ಮೇಲಿಂದ ಕೆಲಸದವನು ಕೂಗಿದ.

"ಗುಂಡು ನಿಂದು, ಕಟ್ಟಡ ನಂದು. ಬಿಚ್ಚು."

ಮೂರ್ತಿ ಗೌಡರ ಮುಖ ನೋಡಿದ. ಗೌಡರು ಲೋಟದೊಳಗೆ ನೋಡಿದರು. ಮೂರ್ತಿ ಒಂದು ದೊಡ್ಡ ಉಸಿರು ಬಿಟ್ಟು, ಏಣಿಗೆ ಕಾಲಿಟ್ಟು, "ಬಿಚ್ಚು ಮಾರಾಯ, ಬಿಚ್ಚು" ಎಂದು ಕೂಗಿದ. ಕಾಲು ಗಂಟೆಯಲ್ಲಿ ಪೈಪು ವಿಮಲಮ್ಮನವರ ಕಣ್ಣಿಗೆ ನೆಟ್ಟಗಾಯಿತು. ಉಳಿದವರ ಕಣ್ಣಿಗೆ ಅದು ಇವತ್ತಿಗೂ ಬಲಕ್ಕೆ ವಾಲಿದೆ.